ಶಸ್ತ್ರಾಸ್ತ್ರ ನಿಯಂತ್ರಣದ ರಾಜತಾಂತ್ರಿಕರು ನಿಜಕ್ಕೂ ಮಾಡುವ ಕೆಲಸವೇನು, ಅದಕ್ಕೆ ತಯಾರಿ ಹೇಗೆ?

ಪ್ರಶ್ನೆ: ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ ಓದುತ್ತಿದ್ದೇನೆ. ಅಂತರರಾಷ್ಟ್ರೀಯ ಭದ್ರತೆ ಮತ್ತು ಅಣ್ವಸ್ತ್ರ ನಿಯಂತ್ರಣದಲ್ಲಿ ತುಂಬ ಆಸಕ್ತಿ ಇದೆ. ಇದರಲ್ಲೇ ಪರಿಣತಿ ಪಡೆದ ರಾಜತಾಂತ್ರಿಕರು ದಿನನಿತ್ಯ ಮಾಡುವ ಕೆಲಸವೇನು? ವಿಜ್ಞಾನ ಓದಿದವರಿಗೆ ಅಲ್ಲಿ ಜಾಗ ಇದೆಯೇ? ಒಪ್ಪಂದಗಳು ಒಂದೊಂದಾಗಿ ಮುರಿದು ಬೀಳುತ್ತಿರುವ ಈ ಹೊತ್ತಿನಲ್ಲಿ ಈ ವೃತ್ತಿಗೆ ಬರುವುದರಲ್ಲಿ ಅರ್ಥವಿದೆಯೇ?

ಉತ್ತರ: ಮೊದಲನೆಯ ಪ್ರಶ್ನೆಯನ್ನು ಬಿಡಿಸಿ ಹೇಳಿದರೆ ಉಳಿದೆರಡರ ಉತ್ತರ ಸುಲಭವಾಗುತ್ತದೆ. ಈ ಕ್ಷೇತ್ರದ ರಾಜತಾಂತ್ರಿಕರು ವೃತ್ತಿಜೀವನದ ಬಹುಪಾಲನ್ನು ಕಳೆಯುವುದು ವಾಕ್ಯಗಳ ಜೊತೆ. ಅವರು ಬರೆದ ವಾಕ್ಯ ಮುಂದೊಂದು ದಿನ ಯಾವುದೋ ಸೇನಾ ನೆಲೆಯಲ್ಲಿ, ರಾಸಾಯನಿಕ ಕಾರ್ಖಾನೆಯಲ್ಲಿ, ಯುರೇನಿಯಂ ಸಂವರ್ಧನಾ ಘಟಕದಲ್ಲಿ ನಿಂತಿರುವ ತಪಾಸಕರ ಕೈಗೆ ಬರುತ್ತದೆ. ಅವರು ಏನನ್ನು ನೋಡಬಹುದು, ಏನನ್ನು ಎಣಿಸಬಹುದು, ಯಾವ ಬಾಗಿಲ ಹೊರಗೆ ನಿಲ್ಲಬೇಕು ಎಂಬುದೆಲ್ಲ ಆ ವಾಕ್ಯದಲ್ಲೇ ತೀರ್ಮಾನವಾಗಿರುತ್ತದೆ. ವಾಕ್ಯಕ್ಕೂ ವಸ್ತುವಿಗೂ ನಡುವಿನ ಈ ಕೊಂಡಿಯನ್ನು ಗಟ್ಟಿಯಾಗಿ ಬೆಸೆಯಬಲ್ಲವರನ್ನೇ ಪರಿಣತರು ಎನ್ನುವುದು.

ಉದಾಹರಣೆಗೆ ಅಮೆರಿಕ ಮತ್ತು ರಷ್ಯಾ 2010ರ ಏಪ್ರಿಲ್ 8ರಂದು ಪ್ರಾಗ್‌ನಲ್ಲಿ ಸಹಿ ಮಾಡಿದ ನ್ಯೂ ಸ್ಟಾರ್ಟ್ ಒಪ್ಪಂದವನ್ನು ನೋಡಿ. ಪತ್ರಿಕೆಗಳಲ್ಲಿ ಬಂದದ್ದು ಎರಡು ಸಂಖ್ಯೆ: 1,550 ಸಿಡಿತಲೆ, ಅವನ್ನು ಹೊರುವ ನಿಯೋಜಿತ ಕ್ಷಿಪಣಿ ಮತ್ತು ಬಾಂಬರ್ ಸೇರಿ 700. ಆದರೆ ಎಣಿಸುವುದು ಹೇಗೆ? ಒಂದು ಭಾರಿ ಬಾಂಬರ್ ಹಲವು ಅಣ್ವಸ್ತ್ರಗಳನ್ನು ಹೊರಬಲ್ಲದು. ಒಪ್ಪಂದದ ಎಣಿಕೆ ನಿಯಮದಲ್ಲಿ ಮಾತ್ರ ಅದು ಒಂದೇ ಸಿಡಿತಲೆ ಎಂದು ಲೆಕ್ಕವಾಗುತ್ತಿತ್ತು. ಬಾಂಬರ್‌ಗಳ ಮೇಲೆ ಮಾಮೂಲಿಯಾಗಿ ಅಣ್ವಸ್ತ್ರ ಏರಿಸಿಟ್ಟಿರುವುದಿಲ್ಲ, ತಪಾಸಕರು ಹೋದರೂ ಎಣಿಸಲು ಅಲ್ಲಿ ಏನೂ ಸಿಗುವುದಿಲ್ಲ. ಕ್ಷಿಪಣಿಗಳ ಮಾತು ಬೇರೆ. ಅವುಗಳ ಮೇಲೆ ನಿಜವಾಗಿ ಕೂರಿಸಿರುವಷ್ಟನ್ನೇ ಲೆಕ್ಕಕ್ಕೆ ಹಿಡಿಯಬೇಕಿತ್ತು. ಅದಕ್ಕಾಗಿ ವರ್ಷಕ್ಕೆ 18 ತಪಾಸಣೆ, ದೇಶದೊಳಗೆ ಕಾಲಿಡುವ ಮುನ್ನ ಕನಿಷ್ಠ 32 ಗಂಟೆಗಳ ಸೂಚನೆ, ತಂಡದಲ್ಲಿ ಹೆಚ್ಚೆಂದರೆ 10 ಜನ ಎಂದಿತ್ತು.

ನೆಲೆಗೆ ಬಂದ ತಂಡ ಯಾವುದಾದರೂ ಒಂದು ಕ್ಷಿಪಣಿಯನ್ನು ಆರಿಸುತ್ತಿತ್ತು. ಅದರ ಮುಂತುದಿಯ ಕವಚ ತೆಗೆದು ತೋರಿಸಬೇಕಿತ್ತು. ಸಿಡಿತಲೆಯ ವಿನ್ಯಾಸ ಗುಟ್ಟಿನದು, ಹಾಗಾಗಿ ಪ್ರತಿಯೊಂದಕ್ಕೂ ಹೊದಿಕೆ ಹಾಕಬಹುದಿತ್ತು. ಆದರೆ ಎಷ್ಟಿವೆ ಎಂದು ಎಣಿಸುವುದಕ್ಕೆ ಹೊದಿಕೆ ಅಡ್ಡಿಯಾಗಬಾರದು ಎಂಬ ಷರತ್ತಿತ್ತು. ಹೊದಿಕೆಯೊಳಗಿನ ಒಂದು ವಸ್ತು ಅಣ್ವಸ್ತ್ರವಲ್ಲ ಎಂದು ಆತಿಥೇಯರು ಹೇಳಿದರೆ ವಿಕಿರಣ ಪತ್ತೆ ಉಪಕರಣ ತಂದು ಖಚಿತಪಡಿಸಿಕೊಳ್ಳಬಹುದಿತ್ತು. ಹೊದಿಕೆ ಇರಬೇಕು, ಎಣಿಕೆಗೆ ಅಡ್ಡಿಯಾಗಬಾರದು ಎಂಬ ಆ ಒಂದು ಸಾಲಿನಲ್ಲಿ ಎರಡು ದೇಶಗಳ ಸೇನೆಗಳ ಭಯವೂ ಇದೆ, ಪರಸ್ಪರ ಅಪನಂಬಿಕೆಯೂ ಇದೆ. ಈ ಬಗೆಯ ಸಾಲುಗಳನ್ನು ಹೆಣೆಯುವುದೇ ಈ ವೃತ್ತಿ. ಅಮೆರಿಕದ ಕಡೆಯಿಂದ ರೋಸ್ ಗಾಟೆಮೊಲರ್, ರಷ್ಯಾದ ಕಡೆಯಿಂದ ಅನತೊಲಿ ಆಂಟೊನೊವ್ ತಂಡ ಕಟ್ಟಿಕೊಂಡು ಜಿನೀವಾದಲ್ಲಿ ಕೂತು ಮಾಡಿದ್ದು ಇದನ್ನೇ.

ಇನ್ನು ಸಂಧಾನದ ಕೋಣೆಗೆ ಬನ್ನಿ. ಕರಡು ಹೀಗಿರುತ್ತದೆ, ಇದು ತಿಳಿಯಲೆಂದು ನಾನೇ ಬರೆದ ಮಾದರಿ: “ಪ್ರತಿಯೊಂದು ಸದಸ್ಯ ರಾಷ್ಟ್ರವು ತನ್ನ ಘಟಕಗಳ ಬಗ್ಗೆ [ವಾರ್ಷಿಕ] ಘೋಷಣೆಯನ್ನು [ಸಲ್ಲಿಸತಕ್ಕದ್ದು] [ಸಲ್ಲಿಸುವುದು ಅಪೇಕ್ಷಣೀಯ] [ಸಲ್ಲಿಸಲು ಪ್ರೋತ್ಸಾಹಿಸಲಾಗುತ್ತದೆ].” ಚೌಕ ಬ್ರಾಕೆಟ್ ಎಂದರೆ ಅದಿನ್ನೂ ಒಪ್ಪಿಗೆಯಾಗಿಲ್ಲ ಎಂದರ್ಥ. ಕಾನೂನಿನ ಕನ್ನಡ ಓದಿದವರಿಗೆ ‘ತಕ್ಕದ್ದು’ ಎಂಬುದರ ತೂಕ ಗೊತ್ತು, ಅದು ಕಟ್ಟುಪಾಡು. ‘ಅಪೇಕ್ಷಣೀಯ’ ಎಂದ ಕೂಡಲೇ ಕಟ್ಟು ಸಡಿಲವಾಯಿತು. ‘ಪ್ರೋತ್ಸಾಹಿಸಲಾಗುತ್ತದೆ’ ಎಂದರೆ ಸಲ್ಲಿಸದೆಯೂ ಇರಬಹುದು. ಬ್ರಾಕೆಟ್ ತೆಗೆಸುವುದು, ಹಾಕಿಸುವುದು, ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಪಡೆಯುವುದು, ಹೀಗೆ ದಿನಗಳು, ಕೆಲವೊಮ್ಮೆ ವರ್ಷಗಳು ಹೋಗುತ್ತವೆ.

ಇಲ್ಲಿ ಕಿರಿಯ ಅಧಿಕಾರಿಯ ದೊಡ್ಡ ಆಸ್ತಿ ಟಿಪ್ಪಣಿ ಪುಸ್ತಕ. ಪ್ರತಿ ಬ್ರಾಕೆಟ್‌ಗೂ ಐದು ಸಂಗತಿ ಬರೆದಿಡಬೇಕು: ಯಾವ ನಿಯೋಗ ಹಾಕಿಸಿತು, ಯಾವತ್ತು, ಕೊಟ್ಟ ಕಾರಣವೇನು, ಆ ಪದಗಳು ಯಾವ ಹಳೆಯ ದಾಖಲೆಯಿಂದ ಬಂದವು, ನಮ್ಮವರು ಎಲ್ಲಿಯವರೆಗೆ ಸಡಿಲಿಸಬಹುದು. ನಾಲ್ಕನೆಯದು ಬಹಳ ಮುಖ್ಯ. ಹಿಂದೆ ಯಾವುದೋ ನಿರ್ಣಯದಲ್ಲಿ ಎಲ್ಲರೂ ಒಪ್ಪಿದ ಪದಗುಚ್ಛಕ್ಕೆ ಈ ವಲಯದಲ್ಲಿ ಅಗ್ರೀಡ್ ಲ್ಯಾಂಗ್ವೇಜ್ ಎನ್ನುತ್ತಾರೆ. “ಇದಕ್ಕೆ ನೀವೇ ಹೋದ ಸಲ ಒಪ್ಪಿದ್ದಿರಿ” ಎಂದು ಪ್ಯಾರಾ ಸಂಖ್ಯೆ ಸಮೇತ ತೋರಿಸಿದರೆ ಎದುರಿನವರಿಗೆ ಬೇಡ ಎನ್ನುವುದು ಕಷ್ಟ. ಹೊಸಬರು ಎಡವುವುದೂ ಇಲ್ಲೇ. ಸುಂದರವಾದ ಹೊಸ ವಾಕ್ಯ ಬರೆದು ತರುತ್ತಾರೆ, ಅದರ ಪ್ರತಿ ಪದವನ್ನೂ ಎಲ್ಲ ದೇಶಗಳ ರಾಜಧಾನಿಗಳಿಗೆ ಕಳಿಸಿ ಅನುಮತಿ ತರಿಸಬೇಕಾಗುತ್ತದೆ, ವಾರ ಮುಗಿಯುತ್ತದೆ.

ರಾಜಧಾನಿಯಿಂದ ಬರುವ ಸೂಚನೆಯೂ ಅಷ್ಟೇ ಮುಖ್ಯ. ಒಳ್ಳೆಯ ಸೂಚನೆಯಲ್ಲಿ ನಮಗೆ ಬೇಕಾದ್ದೇನು, ಅದು ಸಿಗದಿದ್ದರೆ ಯಾವುದು ಸಾಕು, ಯಾವ ಗೆರೆ ದಾಟಬಾರದು ಎಂಬ ಮೂರೂ ಇರುತ್ತವೆ. ಕೆಟ್ಟ ಸೂಚನೆಯಲ್ಲಿ ಮೊದಲನೆಯದು ಮಾತ್ರ ಇರುತ್ತದೆ. ಆಗ ಕೊನೆಯ ರಾತ್ರಿ ಎರಡು ಗಂಟೆಗೆ ಅಧ್ಯಕ್ಷರು ರಾಜಿ ಸೂತ್ರ ಮುಂದಿಟ್ಟಾಗ ನಿಯೋಗ ಕೈಕಟ್ಟಿ ಕೂರಬೇಕಾಗುತ್ತದೆ, ರಾಜಧಾನಿಯಲ್ಲಿ ಫೋನ್ ಎತ್ತುವವರು ಇರುವುದಿಲ್ಲ. ಸಮ್ಮೇಳನಕ್ಕೆ ಹೊರಡುವ ಮುನ್ನವೇ ಎರಡನೆಯ ಮತ್ತು ಮೂರನೆಯ ಅಂಶವನ್ನು ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳುವುದು, ಕೊನೆಯ ಮೂರು ದಿನ ರಾತ್ರಿಯಿಡೀ ಸಿಗುವ ಒಬ್ಬ ಅಧಿಕಾರಿಯ ಸಂಖ್ಯೆ ಇಟ್ಟುಕೊಳ್ಳುವುದು ಸಣ್ಣ ಕೆಲಸಗಳಂತೆ ಕಾಣುತ್ತವೆ. ಇವೇ ತಪ್ಪಿ ಮಾತುಕತೆ ಕೆಡುವುದುಂಟು.

ಬಹಿರಂಗ ಅಧಿವೇಶನದಲ್ಲಿ ಪಠ್ಯ ಬಿಟ್ಟು ಮಾತಾಡುವ ಚಪಲ ಬೇಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಬಾಯಿತಪ್ಪಿ ಆಡಿದ್ದು ಕಡತಕ್ಕೆ ಹೋಗಿ ಹತ್ತು ವರ್ಷದ ಬಳಿಕ ನಿಮ್ಮ ದೇಶದ ನಿಲುವು ಎಂದು ಎದುರಿಗೆ ಬರಬಹುದು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಉತ್ತರಿಸುವ ಹಕ್ಕು ಬಳಸಿದರೆ ಮೊದಲ ಸಲ 10 ನಿಮಿಷ, ಎರಡನೇ ಸಲ 5 ನಿಮಿಷ, ಅಷ್ಟೇ. ಸಿಟ್ಟು ಬಂದಾಗ ಅದೂ ಜಾಸ್ತಿಯೇ.

ತವರಿನಲ್ಲಿ ನಡೆಯುವ ಸಂಧಾನ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ವಿದೇಶಾಂಗ, ರಕ್ಷಣೆ, ಪರಮಾಣು ಇಂಧನ, ಸುಂಕ, ಗುಪ್ತಚರ, ಉದ್ಯಮ ಇಲಾಖೆಗಳೆಲ್ಲ ಒಂದು ನಿಲುವಿಗೆ ಬರಬೇಕು. ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದವನ್ನೇ ತೆಗೆದುಕೊಳ್ಳಿ. ಥಯೋಡೈಗ್ಲೈಕಾಲ್ ಎಂಬ ರಾಸಾಯನಿಕ ಬಾಲ್‌ಪೆನ್ ಶಾಯಿಗೂ ಬೇಕು, ಮಸ್ಟರ್ಡ್ ವಿಷಾನಿಲ ತಯಾರಿಗೂ ಬೇಕು. ಅದು ಎರಡನೇ ಅನುಸೂಚಿಯಲ್ಲಿದೆ. ವರ್ಷಕ್ಕೆ 1 ಟನ್ ದಾಟಿ ತಯಾರಿಸುವ ಅಥವಾ ಬಳಸುವ ಕಾರ್ಖಾನೆಯನ್ನು ಘೋಷಿಸಬೇಕು. ಶಾಯಿ ತಯಾರಿಸುವವರಿಗೆ ತಾವು ಅಸ್ತ್ರ ಒಪ್ಪಂದದ ವ್ಯಾಪ್ತಿಗೆ ಬರುತ್ತೇವೆ ಎಂಬ ಕಲ್ಪನೆಯೇ ಇಲ್ಲದಿದ್ದರೆ ಘೋಷಣೆ ಬಿಟ್ಟುಹೋಗುತ್ತದೆ. ಸಭೆಯಲ್ಲಿ ಉತ್ತರಿಸಬೇಕಾದವರು ರಾಜತಾಂತ್ರಿಕರು. ಹಾಗಾಗಿ ಈ ವಿಷಯ ನೋಡಿಕೊಳ್ಳುವ ಅಧಿಕಾರಿ ವರ್ಷಕ್ಕೆ ಒಂದೆರಡು ಸಲವಾದರೂ ಕಾರ್ಖಾನೆಯ ನೆಲ ತುಳಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲಸದ ಊರುಗಳು ಮುಖ್ಯವಾಗಿ ನಾಲ್ಕು. ಜಿನೀವಾದಲ್ಲಿ 65 ಸದಸ್ಯರ ನಿಶ್ಶಸ್ತ್ರೀಕರಣ ಸಮ್ಮೇಳನವಿದೆ, ವರ್ಷಕ್ಕೆ 10, 7 ಮತ್ತು 7 ವಾರಗಳ ಮೂರು ಅಧಿವೇಶನ. ಎಲ್ಲವೂ ಒಮ್ಮತದಿಂದಲೇ ಆಗಬೇಕು. ಒಂದು ದೇಶ ಬೇಡ ಎಂದರೆ ಮುಗಿಯಿತು. 1996ರ ಸಮಗ್ರ ಅಣ್ವಸ್ತ್ರ ಪರೀಕ್ಷಾ ನಿಷೇಧ ಒಪ್ಪಂದದ ನಂತರ ಅಲ್ಲಿ ಯಾವ ಒಪ್ಪಂದವೂ ಸಿದ್ಧವಾಗಿಲ್ಲ. ಅಲ್ಲಿಗೆ ನೇಮಕವಾದವರು ಇದರಿಂದ ಎದೆಗುಂದುವುದು ಸಹಜ. ಆದರೆ ಅದೇ ಊರಿನಲ್ಲಿ ಜೈವಿಕ ಅಸ್ತ್ರ ಒಪ್ಪಂದದ ಸಭೆಗಳಿವೆ, 2017ರಿಂದ ಸ್ವಯಂಚಾಲಿತ ಮಾರಕಾಸ್ತ್ರಗಳ ಸರ್ಕಾರಿ ತಜ್ಞರ ಗುಂಪಿದೆ. ಕಲಿಯಬೇಕೆನ್ನುವವರಿಗೆ ಕೆಲಸ ಸಾಕಷ್ಟಿದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಇರುವ ವಿಯೆನ್ನಾ ತಾಂತ್ರಿಕ ಮನಸ್ಸಿನವರ ಊರು. ಹೇಗ್‌ನಲ್ಲಿ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ. ಅಕ್ಟೋಬರ್ ಬಂದರೆ ಎಲ್ಲರೂ ನ್ಯೂಯಾರ್ಕ್‌ಗೆ, ಸಾಮಾನ್ಯ ಸಭೆಯ ಮೊದಲನೇ ಸಮಿತಿಗೆ ಹೊರಡುತ್ತಾರೆ. ದೊಡ್ಡ ದೇಶಗಳು ಇಂಥ ಊರಿಗೆ ಇಡೀ ತಂಡವನ್ನೇ ಕಳಿಸುತ್ತವೆ. ಸಣ್ಣ ದೇಶಗಳಲ್ಲಿ ಒಬ್ಬರೇ ಎಲ್ಲ ಕೋಣೆಗೂ ಓಡಬೇಕು. ಸಣ್ಣ ದೇಶದವರ ಮಾತಿಗೆ ತೂಕವಿಲ್ಲ ಎಂದುಕೊಳ್ಳಬೇಡಿ. 1995ರಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದವನ್ನು ಅನಿರ್ದಿಷ್ಟ ಕಾಲಕ್ಕೆ ಮುಂದುವರಿಸುವ ತೀರ್ಮಾನ ಮತಕ್ಕೆ ಹಾಕದೆಯೇ ಆಗುವಂತೆ ನಡೆಸಿಕೊಟ್ಟ ಅಧ್ಯಕ್ಷರು ಶ್ರೀಲಂಕಾದ ಜಯಂತ ಧನಪಾಲ.

ಈಗ ವಿಜ್ಞಾನದ ಪ್ರಶ್ನೆ. ಜಾಗ ಇದೆ, ಬೇಡಿಕೆಯೂ ಇದೆ. 2015ರಲ್ಲಿ ಇರಾನ್ ಪರಮಾಣು ಮಾತುಕತೆ ತಾಂತ್ರಿಕ ವಿವರಗಳಲ್ಲಿ ಸಿಕ್ಕಿಕೊಂಡಾಗ ಅಮೆರಿಕ ತನ್ನ ಇಂಧನ ಸಚಿವ, ಭೌತವಿಜ್ಞಾನಿ ಅರ್ನೆಸ್ಟ್ ಮೊನಿಜ್ ಅವರನ್ನು ಕರೆತಂದಿತು. ಇರಾನ್ ತನ್ನ ಪರಮಾಣು ಸಂಸ್ಥೆಯ ಆಗಿನ ಮುಖ್ಯಸ್ಥ ಅಲಿ ಅಕ್ಬರ್ ಸಲೇಹಿ ಅವರನ್ನು ಕೂರಿಸಿತು. ಆ ಒಪ್ಪಂದದ ಒಂದು ಅಂಶವನ್ನು ಭೌತಶಾಸ್ತ್ರದ ಕಣ್ಣಿನಿಂದ ಓದಿ. ಸಂವರ್ಧನೆ, ಅಂದರೆ ಯುರೇನಿಯಂನಲ್ಲಿ ಯು-235 ಐಸೊಟೋಪಿನ ಪಾಲು ಹೆಚ್ಚಿಸುವುದು, 3.67 ಶೇಕಡ ಮೀರಬಾರದು, ದಾಸ್ತಾನು 300 ಕಿಲೋ ಮೀರಬಾರದು ಎಂದಿತ್ತು. 300 ಕಿಲೋ ಯಾವುದರದ್ದು? ಯುರೇನಿಯಂ ಹೆಕ್ಸಾಫ್ಲೋರೈಡಿನದು. ಅದರಲ್ಲಿರುವ ಯುರೇನಿಯಂ ಸುಮಾರು 202.8 ಕಿಲೋ. ಈ ವ್ಯತ್ಯಾಸ ಗೊತ್ತಿಲ್ಲದವರು ವರದಿ ಓದಿ ತಪ್ಪು ಗಾಬರಿಯಾಗುತ್ತಾರೆ, ಇಲ್ಲವೇ ತಪ್ಪು ಸಮಾಧಾನ ಪಡುತ್ತಾರೆ. ಪೈಪು, ಕೊಳವೆಗಳ ಒಳಗೆ ಅಂಟಿಕೊಂಡು ಹೊರತೆಗೆಯಲಾಗದೆ ಉಳಿದ ಯುರೇನಿಯಂ ಲೆಕ್ಕಕ್ಕೆ ಬರುತ್ತದೆಯೇ? ಒಪ್ಪಂದಕ್ಕೆ ಒಪ್ಪಿಗೆ ಬಿದ್ದ ಮೇಲೂ ಇಂಥ ಪ್ರಶ್ನೆಗಳನ್ನು ಕೂತು ಬಗೆಹರಿಸಬೇಕಾಯಿತು.

ಹಾಗಾಗಿ ಪರಮಾಣು ಇಂಧನ ಚಕ್ರವನ್ನು ಗಣಿಯಿಂದ ಹಿಡಿದು ಬಳಸಿದ ಇಂಧನದವರೆಗೆ ಸಂಖ್ಯೆಗಳ ಸಮೇತ ಕಲಿಯಿರಿ. ನೈಸರ್ಗಿಕ ಯುರೇನಿಯಂನಲ್ಲಿ ಯು-235 ಇರುವುದು 0.7 ಶೇಕಡ. ಅಸ್ತ್ರಕ್ಕೆ ಬಳಸುವುದು ಸಾಮಾನ್ಯವಾಗಿ 90 ಶೇಕಡದ ಆಸುಪಾಸಿನದು. ಆದರೆ ಅಲ್ಲಿಗೆ ಮುಟ್ಟಲು ಬೇಕಾದ ಬೇರ್ಪಡಿಕೆಯ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು 4-5 ಶೇಕಡ ತಲುಪುವಷ್ಟರಲ್ಲೇ ಮುಗಿದಿರುತ್ತದೆ. ಇದೇಕೆ ಹೀಗೆ ಎಂದು ನೀವೇ ಒಮ್ಮೆ ಲೆಕ್ಕ ಹಾಕಿ. ಇದು ಗೊತ್ತಾದ ದಿನ 20 ಶೇಕಡ, 60 ಶೇಕಡ ಎಂಬ ಸುದ್ದಿಗಳ ಅರ್ಥವೇ ಬದಲಾಗುತ್ತದೆ. ಒಂದು ಅಣ್ವಸ್ತ್ರಕ್ಕೆ ಸಾಕಾಗಬಹುದು ಎಂದು ಪರಮಾಣು ಶಕ್ತಿ ಸಂಸ್ಥೆ ಲೆಕ್ಕಕ್ಕೆ ಹಿಡಿಯುವ ಗಣನೀಯ ಪ್ರಮಾಣಗಳು, ಅಂದರೆ ಪ್ಲುಟೋನಿಯಂ 8 ಕಿಲೋ, ಹೆಚ್ಚು ಸಂವರ್ಧಿತ ಯುರೇನಿಯಂನಲ್ಲಿರುವ ಯು-235 25 ಕಿಲೋ, ನಾಲಿಗೆ ತುದಿಯಲ್ಲಿರಲಿ. ಕ್ಷಿಪಣಿ ರಫ್ತು ನಿಯಂತ್ರಣದಲ್ಲಿ ಬರುವ 300 ಕಿಲೋಮೀಟರ್ ದೂರ, 500 ಕಿಲೋ ಹೊರೆ ಎಂಬ ಜೋಡಿಯೂ ಹಾಗೆಯೇ. ಭೂಕಂಪಶಾಸ್ತ್ರ ಬಲ್ಲವರಿಗೆ ಪರೀಕ್ಷಾ ನಿಷೇಧದ ಕೆಲಸದಲ್ಲಿ ವಿಶೇಷ ಬೆಲೆ.

ವಿಜ್ಞಾನ ಓದಿದವರು ಸಾಮಾನ್ಯವಾಗಿ ಹಿಂದೆ ಬೀಳುವುದು ಕಾನೂನಿನಲ್ಲಿ. 1969ರ ವಿಯೆನ್ನಾ ಒಪ್ಪಂದ ಕಾನೂನು ಸಂಹಿತೆಯ 18 ಮತ್ತು 31ನೇ ವಿಧಿಗಳನ್ನು ಚೆನ್ನಾಗಿ ಓದಿ. ಮೊದಲನೆಯದು ಸಹಿ ಹಾಕಿ ಇನ್ನೂ ಅನುಮೋದಿಸದ ದೇಶದ ಹೊಣೆಯ ಬಗ್ಗೆ, ಎರಡನೆಯದು ಒಪ್ಪಂದವನ್ನು ಅರ್ಥೈಸುವ ಬಗೆಯ ಬಗ್ಗೆ. ಒಂದು ಕಲಮು ಏನೆಲ್ಲ ತಂದಿಡುತ್ತದೆ ಎಂಬುದಕ್ಕೆ ಉತ್ತರ ಕೊರಿಯಾ ಸಾಕ್ಷಿ. ಪ್ರಸರಣ ತಡೆ ಒಪ್ಪಂದದ 10ನೇ ವಿಧಿಯ ಪ್ರಕಾರ ಹೊರಹೋಗಲು ಮೂರು ತಿಂಗಳ ಮುಂಗಡ ಸೂಚನೆ ಬೇಕು. 1993ರ ಮಾರ್ಚ್‌ನಲ್ಲಿ ಆ ದೇಶ ಸೂಚನೆ ಕೊಟ್ಟಿತು, ಗಡುವು ಮುಗಿಯಲು ಒಂದು ದಿನವಿದೆ ಎನ್ನುವಾಗ ತಡೆಹಿಡಿಯಿತು. 2003ರ ಜನವರಿ 10ರಂದು, ಉಳಿದಿರುವುದು ಆ ಒಂದೇ ದಿನ, ನಾಳೆಯಿಂದ ನಾವು ಹೊರಗೆ ಎಂದಿತು. ಇದು ಸರಿಯೇ ಎಂಬುದರಲ್ಲಿ ಸದಸ್ಯ ರಾಷ್ಟ್ರಗಳಿಗೆ ಒಮ್ಮತವಿರಲಿಲ್ಲ. ಚರ್ಚೆ ಎತ್ತಿದರೆ, ಒಪ್ಪಂದದ ಮುಂದಿನ ಪರಿಶೀಲನಾ ಸಮ್ಮೇಳನಕ್ಕಾಗಿ ಅದೇ ವರ್ಷ ನಡೆದ ಸಿದ್ಧತಾ ಸಭೆ ಅಲ್ಲೇ ನಿಲ್ಲುತ್ತಿತ್ತು. ಅಧ್ಯಕ್ಷರು ಆ ದೇಶದ ಹೆಸರಿನ ಫಲಕವನ್ನು ಮೇಜಿನ ಮೇಲೂ ಇಡಿಸಲಿಲ್ಲ, ತೆಗೆದುಹಾಕಲೂ ಇಲ್ಲ. ತಮ್ಮ ವಶದಲ್ಲೇ ಇಟ್ಟುಕೊಂಡರು. ಒಳಗಿದೆ ಎನ್ನುವವರಿಗೂ ಹೊರಗಿದೆ ಎನ್ನುವವರಿಗೂ ಸೋಲಾಗಲಿಲ್ಲ, ಸಭೆ ಮುಂದೆ ಸಾಗಿತು. ಒಂದು ಫಲಕದಿಂದ ಇಷ್ಟು ಮಾಡಬಹುದು ಎಂಬ ಅರಿವು ಬರುವುದು ವರ್ಷಗಟ್ಟಲೆ ಕೋಣೆಯಲ್ಲಿ ಕೂತ ಮೇಲೆಯೇ.

ವೃತ್ತಿಯ ದಾರಿ ಹೆಚ್ಚಿನ ದೇಶಗಳಲ್ಲಿ ಒಂದೇ ರೀತಿ. ವಿದೇಶಾಂಗ ಸೇವೆಯ ಪರೀಕ್ಷೆ ಅಥವಾ ನೇಮಕಾತಿ, ತರಬೇತಿ, ಮೊದಲ ವರ್ಷಗಳಲ್ಲಿ ಡೆಸ್ಕ್ ಅಧಿಕಾರಿಯ ಕೆಲಸ, ನಂತರ ದ್ವಿತೀಯ, ಪ್ರಥಮ ಕಾರ್ಯದರ್ಶಿ, ಕೌನ್ಸಿಲರ್, ಕೊನೆಗೆ ರಾಯಭಾರಿ. ತೊಡಕು ಇರುವುದು ವರ್ಗಾವಣೆಯಲ್ಲಿ. ಮೂರ್ನಾಲ್ಕು ವರ್ಷಕ್ಕೊಮ್ಮೆ ಊರೂ ಬದಲು, ವಿಷಯವೂ ಬದಲು. ಎದುರು ಮೇಜಿನಲ್ಲಿ ಇಪ್ಪತ್ತು ವರ್ಷ ಇದೇ ವಿಷಯ ನೋಡಿದವರು ಕೂತಿರುತ್ತಾರೆ. ನಮ್ಮ ಕಡೆಯವರು ಕಳೆದ ತಿಂಗಳು ವ್ಯಾಪಾರ ವಿಭಾಗದಿಂದ ಬಂದಿರುತ್ತಾರೆ. ಫಲಿತಾಂಶ ಬೇರೆ ಹೇಳಬೇಕಿಲ್ಲ. ಪರಿಣತಿಯನ್ನು ನೀವೇ ಹಟ ಹಿಡಿದು ಕಟ್ಟಿಕೊಳ್ಳಬೇಕು: ವಿದೇಶದಲ್ಲಿ ಒಂದು ಅವಧಿ ಜಿನೀವಾ ಅಥವಾ ವಿಯೆನ್ನಾ, ತವರಿಗೆ ಮರಳಿದಾಗ ನಿಶ್ಶಸ್ತ್ರೀಕರಣ ವಿಭಾಗ, ನಡುವೆ ಬೇರೊಂದು ನೇಮಕ, ಮತ್ತೆ ಈ ಕಡೆ. ವಿಶ್ವಸಂಸ್ಥೆ ವರ್ಷಕ್ಕೆ 25 ಕಿರಿಯ ಅಧಿಕಾರಿಗಳಿಗೆ ನಿಶ್ಶಸ್ತ್ರೀಕರಣ ಫೆಲೋಶಿಪ್ ಕೊಡುತ್ತದೆ. ಅದಕ್ಕೆ ಸರ್ಕಾರವೇ ಹೆಸರು ಕಳಿಸಬೇಕು, ಹಾಗಾಗಿ ಸೇವೆಗೆ ಸೇರಿದ ಆರಂಭದಲ್ಲೇ ಕೇಳಿಡಿ. ಅಲ್ಲಿ ಜೊತೆಗೆ ಓಡಾಡಿದವರೇ ಹದಿನೈದು ವರ್ಷದ ಬಳಿಕ ಎದುರು ನಿಯೋಗದ ಮುಖ್ಯಸ್ಥರಾಗಿ ಸಿಗುತ್ತಾರೆ.

ರಾಜತಾಂತ್ರಿಕ ಸೇವೆಗೆ ಸೇರದೆಯೂ ದಾರಿಯಿದೆ. ಪರಮಾಣು ಶಕ್ತಿ ಸಂಸ್ಥೆಯ ಅಥವಾ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ತಪಾಸಕರಾಗಬಹುದು, ನಿಯೋಗಗಳಿಗೆ ತಾಂತ್ರಿಕ ಸಲಹೆಗಾರರಾಗಬಹುದು. ಒಂದು ಎಚ್ಚರ: ಹೇಗ್‌ನ ಸಂಸ್ಥೆಯಲ್ಲಿ ಸೇವೆಗೆ ಸಾಮಾನ್ಯವಾಗಿ 7 ವರ್ಷದ ಮಿತಿ. ಅದನ್ನೇ ಜೀವಮಾನದ ನೌಕರಿ ಎಂದು ನಂಬಿ ಹೋಗಬೇಡಿ, ಹಿಂದಿರುಗುವ ದಾರಿ ಇಟ್ಟುಕೊಂಡೇ ಹೋಗಿ.

ಈ ವರ್ಷ ಏನು ಮಾಡಬಹುದು? ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದವನ್ನು ಪರಿಶೀಲನಾ ಅನುಬಂಧ ಸಮೇತ ಪೂರ್ತಿ ಓದಿ. 24 ವಿಧಿಗಳಿಗಿಂತ ಅನುಬಂಧವೇ ಹೆಚ್ಚು ಉದ್ದ, ಅದೇ ನಿಜವಾದ ಒಪ್ಪಂದ. ಪ್ರತಿ ಪ್ಯಾರಾದ ಪಕ್ಕದಲ್ಲಿ “ತಪಾಸಕರು ಇಲ್ಲಿ ಏನು ನೋಡುತ್ತಾರೆ, ಮೋಸ ಮಾಡುವವರು ಏನು ಮಾಡಬಹುದು” ಎಂದು ಬರೆಯುತ್ತ ಹೋಗಿ. ಆಮೇಲೆ ಒಂದು ಸಮಸ್ಯೆ ಆರಿಸಿಕೊಂಡು ಎರಡೇ ಪುಟದ ನಾನ್-ಪೇಪರ್, ಅಂದರೆ ಯಾವ ಸರ್ಕಾರದ ಹೆಸರೂ ಇಲ್ಲದ ಚರ್ಚಾ ಟಿಪ್ಪಣಿ ಬರೆದು ನೋಡಿ. ಎರಡು ಪುಟ ಮೀರಿದರೆ ಯಾರೂ ಓದುವುದಿಲ್ಲ. ಇಂಗ್ಲಿಷ್ ಜೊತೆಗೆ ಫ್ರೆಂಚ್, ರಷ್ಯನ್, ಚೀನಿ, ಅರಬ್ಬಿ, ಸ್ಪ್ಯಾನಿಷ್‌ಗಳಲ್ಲಿ ಒಂದನ್ನು ಶುರುಮಾಡಿ. ಒಪ್ಪಂದದ ಆರೂ ಭಾಷೆಗಳ ಪಠ್ಯಗಳು ಸಮಾನವಾಗಿ ಅಧಿಕೃತ.

ಕೊನೆಯ ಪ್ರಶ್ನೆ, ಅರ್ಥವಿದೆಯೇ ಎಂಬುದು. ಮಧ್ಯಮ ದೂರದ ಕ್ಷಿಪಣಿಗಳ ಒಪ್ಪಂದ 2019ರ ಆಗಸ್ಟ್ 2ಕ್ಕೆ ಕೊನೆಗೊಂಡಿತು. ನ್ಯೂ ಸ್ಟಾರ್ಟ್ ತಪಾಸಣೆಗಳು ನಿಂತವು, 2023ರಲ್ಲಿ ರಷ್ಯಾ ಅದನ್ನು ಅಮಾನತಿನಲ್ಲಿಟ್ಟಿತು, ಒಪ್ಪಂದದ ಅವಧಿ ಇದ್ದದ್ದು 2026ರ ಫೆಬ್ರವರಿ 5ರವರೆಗೆ. ಇದು ನಿಜವಾದ ನಷ್ಟ, ಅದನ್ನು ತೇಲಿಸಿ ಹೇಳುವುದಿಲ್ಲ. ಆದರೆ ಬರಗಾಲದಲ್ಲಿ ಏನು ಮಾಡಬಹುದು ಎಂಬುದಕ್ಕೆ ಪರೀಕ್ಷಾ ನಿಷೇಧದ ಚರಿತ್ರೆ ನೋಡಿ. ಸ್ಥಳ ತಪಾಸಣೆ ವರ್ಷಕ್ಕೆ ಎಷ್ಟು ಎಂಬ ಜಗಳದಲ್ಲಿ ಅಮೆರಿಕ 7ಕ್ಕೆ, ಸೋವಿಯತ್ ಒಕ್ಕೂಟ 3ಕ್ಕೆ ನಿಂತು, 1963ರ ಒಪ್ಪಂದದಿಂದ ಭೂಗತ ಪರೀಕ್ಷೆಗಳೇ ಹೊರಗುಳಿದವು. ಪೂರ್ಣ ನಿಷೇಧದ ಮಾತುಕತೆಗೆ ದಾರಿ ಕಾಣದ ಕಾಲದಲ್ಲಿ, 1976ರಲ್ಲಿ, ಜಿನೀವಾದಲ್ಲಿ ಭೂಕಂಪ ತಜ್ಞರ ಗುಂಪೊಂದು ಶುರುವಾಯಿತು. ಯಾವ ಕೇಂದ್ರದ ದತ್ತಾಂಶ ಯಾವ ಮಾದರಿಯಲ್ಲಿ ಬರಬೇಕು, ಭೂಕಂಪಕ್ಕೂ ಸ್ಫೋಟಕ್ಕೂ ವ್ಯತ್ಯಾಸ ಹಿಡಿಯುವುದು ಹೇಗೆ ಎಂದು ಅವರು ಇಪ್ಪತ್ತು ವರ್ಷ ಕೆಲಸ ಮಾಡಿದರು, 1984, 1991 ಮತ್ತು 1995ರಲ್ಲಿ ಜಾಲವನ್ನು ಪ್ರಾಯೋಗಿಕವಾಗಿ ನಡೆಸಿ ನೋಡಿದರು. 1994ರಲ್ಲಿ ಮಾತುಕತೆಯ ಬಾಗಿಲು ತೆರೆದಾಗ ಉತ್ತರ ಅವರ ಕಡತದಲ್ಲಿತ್ತು. ಅದರಿಂದಲೇ 321 ನಿಗಾ ಕೇಂದ್ರ, 16 ಪ್ರಯೋಗಾಲಯಗಳ ಜಾಲದ ಯೋಜನೆ ಬಂತು. ಒಪ್ಪಂದ ಇನ್ನೂ ಜಾರಿಗೆ ಬಂದಿಲ್ಲ. ಆದರೂ 2006ರ ಅಕ್ಟೋಬರ್ 9ರಂದು ಉತ್ತರ ಕೊರಿಯಾ ನೆಲದಡಿ ಒಂದು ಕಿಲೋಟನ್ನಿಗೂ ಕಡಿಮೆ ಬಲದ ಪರೀಕ್ಷೆ ಮಾಡಿದಾಗ, ಆಗಿನ್ನೂ ಅರೆಬರೆ ಕಟ್ಟಿದ್ದ ಆ ಜಾಲದ ಭೂಕಂಪ ಕೇಂದ್ರಗಳು ಅದನ್ನು ಹಿಡಿದವು; ಸುಮಾರು ಎರಡು ವಾರಗಳ ಬಳಿಕ ಸಾವಿರಾರು ಕಿಲೋಮೀಟರ್ ದೂರದ ಕೆನಡಾದ ಯೆಲ್ಲೋನೈಫ್ ಕೇಂದ್ರದಲ್ಲಿ ಆ ಸ್ಫೋಟದಲ್ಲಿ ಹುಟ್ಟಿದ ವಿಕಿರಣಶೀಲ ಜೀನಾನ್ ಅನಿಲದ ಸುಳಿವೂ ಸಿಕ್ಕಿತು.